ಕೂಕ ದಾಟಿಸಿದ ಬೀಗದ ಕೈ

ಈ ಕತೆ ನನಗೆ ಮೊದಲು ಹೇಳಿದವರು ನಮ್ಮ ಚರ್ಚಿನ ಪ್ರೇಮಲೀಲಾ ಆಂಟಿ. ಸುಗ್ಗಿ ಹಬ್ಬದ ಊಟಕ್ಕೆ ಚರ್ಚಿನ ಹಿಂದೆ ಹೆಂಗಸರೆಲ್ಲ ಸಾಲಾಗಿ ಕೂತು ಈರುಳ್ಳಿ ಹೆಚ್ಚುತ್ತಿದ್ದೆವು. ಆಂಟಿಗೆ ಅವರ ಅತ್ತೆ ಹೇಳಿದ್ದಂತೆ, ಅತ್ತೆಗೆ ಇನ್ಯಾರೋ. ಅವತ್ತು ಎಲ್ಲರ ಕಣ್ಣಲ್ಲೂ ನೀರು. ಅದರಲ್ಲಿ ಈರುಳ್ಳಿಯದೆಷ್ಟು, ಕತೆಯದೆಷ್ಟು ಅಂತ ಕೇಳಬೇಡಿ.

ಒಂದು ಪೇಟೆ. ಪೇಟೆಗೊಂದು ಮಿಷನ್ ಕಾಂಪೌಂಡು. ಕಾಂಪೌಂಡಿಗೊಂದು ಕಲ್ಲಿನ ಚರ್ಚು, ಚರ್ಚಿಗೊಂದು ಗಂಟೆ, ಗೇಟಿನ ಪಕ್ಕದಲ್ಲಿ ಗಂಟೆ ಹೊಡೆಯುವವನಿಗೆಂದು ಒಂದು ಕೋಣೆ. ಆ ಕೋಣೆಯಲ್ಲಿ ದೊರ್ಕಮ್ಮ ಮತ್ತು ಅವಳ ಮಗ ಇದ್ದರು. ಮಗ ಹುಟ್ಟಿದಾಗ ದೊರ್ಕಮ್ಮ ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ಕಡೆ ಯಾವ ಹೆಸರಿದೆಯೋ ಅದನ್ನೇ ಇಡುತ್ತೇನೆ ಅಂದಳು. ಬೆರಳು ಹೋಗಿ ಹಬಕ್ಕೂಕ ಎಂಬ ಪ್ರವಾದಿಯ ಮೇಲೆ ಬಿತ್ತು. ಅಷ್ಟುದ್ದ ಯಾರು ಕರೆಯುತ್ತಾರೆ? ಊರಿಗೆಲ್ಲ ಅವನು ಕೂಕ. ವಯಸ್ಸು ಮೂವತ್ತು ದಾಟಿದರೂ ಕೂಕ.

ಕೂಕ ಸೋಮಾರಿಯಲ್ಲ, ಕುಡುಕನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ದೊರ್ಕಮ್ಮನ ತಲೆನೋವೆಲ್ಲ ಅದೇ.

ಅಪ್ಪ ಇರುವ ತನಕ ಗಂಟೆ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಚರ್ಚಿನ ಕಮಿಟಿ ಕೂತಿತು. ಕಾರ್ಯದರ್ಶಿ ಥಿಯೋಫಿಲ್ ಮೇಷ್ಟ್ರು ಹಿಂದೆ ಶಾಲೆಯಲ್ಲಿ ಕೂಕನಿಗೆ ಪಾಠ ಹೇಳಿ ಸೋತವರು. ಇವನ ಕೈಗೆ ಗಂಟೆಯ ಹಗ್ಗ ಕೊಡುವ ಬದಲು ಗಂಟೆಯನ್ನೇ ಇಳಿಸಿಬಿಡೋಣ ಅಂದರು. ಪಾದ್ರಿಗಳಾದ ಸತ್ಯಮಿತ್ರ ಅಯ್ಯನವರದು ಮೆತ್ತನೆಯ ಮನಸ್ಸು. ಬೆಳೆದ ಮಕ್ಕಳನ್ನು ಸಭೆಗೆ ಸೇರಿಸಿಕೊಳ್ಳುವ ದೃಢೀಕರಣದ ಆರಾಧನೆಗೆ ಬಿಷಪ್ ಅಯ್ಯನವರು ಬರುತ್ತಾರಲ್ಲ, ಅಲ್ಲಿಯ ತನಕ ನೋಡೋಣ ಅಂದರು. ಹುಡುಗ ಸರಿಹೋದರೆ ಕೆಲಸವೂ ಅವನದು, ಕೋಣೆಯೂ ಅವನದು. ಸರಿಹೋಗದಿದ್ದರೆ ಕೋಣೆ ಖಾಲಿ ಮಾಡಬೇಕು. ಮೇಷ್ಟ್ರು ಯಾವುದಕ್ಕೂ ಇರಲಿ ಅಂತ ಕೋಣೆಯ ಬೀಗದ ಕೈ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

ಕೋಣೆ ಹೋದರೆ ದೊರ್ಕಮ್ಮನಿಗೆ ಇದ್ದ ಜಾಗ ಒಂದೇ, ಪಕ್ಕದ ಊರಿನ ನಾದಿನಿ ರೆಬೆಕ್ಕಮ್ಮನ ಮನೆ. ರೆಬೆಕ್ಕಮ್ಮ ಕೆಟ್ಟ ಮಾತಾಡುವವಳಲ್ಲ. ಬರೀ ಪ್ರಾರ್ಥನೆ ಮಾಡುವವಳು. ಅದೂ ಗಟ್ಟಿಯಾಗಿ. "ಕರ್ತನೇ, ನಮ್ಮ ಅತ್ತಿಗೆಗೆ ಸಾರಿಗೆ ಉಪ್ಪು ಹಾಕುವ ಜ್ಞಾನ ಕೊಡು. ಮಧ್ಯಾಹ್ನ ಮಲಗುವ ಚಾಳಿಯಿಂದ ಆಕೆಯನ್ನು ಬಿಡಿಸು" ಅಂತ ಊಟ ಆರುವ ತನಕ ದೇವರಿಗೆ ಚಾಡಿ ಹೇಳುವವಳು. ನಡುವೆ ಎದುರು ಮಾತಾಡೋಣ ಅಂದರೆ ಅದು ಪ್ರಾರ್ಥನೆ, ಕಣ್ಣು ಮುಚ್ಚಿಕೊಂಡು ಕೂತಿರಬೇಕು. ಆ ಮನೆಯಲ್ಲಿ ಒಂದು ವಾರ ಇದ್ದು ಬಂದಿದ್ದ ದೊರ್ಕಮ್ಮ, ಸಾಯುವ ತನಕ ಅಲ್ಲಿರುವುದನ್ನು ನೆನೆಸಿಕೊಂಡೇ ಅರ್ಧ ಇಳಿದುಹೋದಳು.

"ಮಗನೇ, ಭಾನುವಾರ ಗಂಟೆ ಹೊಡಿ. ಜನ ಎಲ್ಲ ಬಂದು ಸೇರೋ ತನಕ ಹೊಡಿ. ಒಬ್ಬರೂ ಬಾಕಿ ಇರಬಾರದು."

"ಆಯ್ತಮ್ಮ, ಹಾಗೇ ಮಾಡ್ತೀನಿ" ಅಂದ ಕೂಕ.

ಹೊಡೆದ. ಜನ ಬಂದರು, ಕೂತರು. ಕೂಕ ಬಾಗಿಲಿಂದ ಇಣುಕಿ ನೋಡಿದ. ಎಲ್ಲರೂ ಇದ್ದಾರೆ, ಸಾಮುವೇಲಪ್ಪನವರು ಮಾತ್ರ ಇಲ್ಲ. ಸಾಮುವೇಲಪ್ಪನವರು ಸೊಂಟ ಮುರಿದುಕೊಂಡು ಮಳೆಗಾಲದಿಂದ ಹಾಸಿಗೆ ಹಿಡಿದಿದ್ದರು. ಆದರೇನು, ಬಾಕಿ ಅಂದರೆ ಬಾಕಿ. ಹೊಡೆದ. ಮೊದಲ ಹಾಡಿಗೂ ಹೊಡೆದ, ಪಾಪದ ಅರಿಕೆಗೂ ಹೊಡೆದ, ಪ್ರಸಂಗಕ್ಕೂ ಹೊಡೆದ. ಅಯ್ಯನವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕೇಳುತ್ತಿದ್ದದ್ದು ಢಣ್ ಢಣ್ ಒಂದೇ. ಹೋಗಿ ಬಿಡಿಸಿದರೆ, ಇನ್ನೂ ಒಬ್ಬರು ಬಾಕಿ ಅನ್ನುತ್ತಾನೆ. ಕೊನೆಗೆ ನಾಲ್ಕು ಜನ ಓಡಿಹೋಗಿ ಸಾಮುವೇಲಪ್ಪನವರನ್ನು ಮಂಚದ ಸಮೇತ ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. ಕೂಕ ಅವರಿಗೊಂದು ನಮಸ್ಕಾರ ಹಾಕಿ ಹಗ್ಗ ಬಿಟ್ಟ.

ದೊರ್ಕಮ್ಮ ಹಣೆ ಹಣೆ ಚಚ್ಚಿಕೊಂಡಳು. ನನ್ನನ್ನ ರೆಬೆಕ್ಕನ ಮನೆಗೆ ಕಳಿಸಬೇಕು ಅಂತಲೇ ಇದ್ದೀಯೇನೋ ಅಂದಳು. ಆರಾಧನೆ ಶುರುವಾದ ಮೇಲೆ ಸದ್ದು ಆಗಬಾರದು ಕಣೋ, ಯಾರಾದರೂ ಸದ್ದು ಮಾಡಿದರೆ ಮೆಲ್ಲಗೆ ಕೈ ಹಿಡಿದು ಹೊರಗೆ ಬಿಟ್ಟು ಬರಬೇಕು ಅಂದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಅಳುವ ಮಕ್ಕಳು.

"ಆಯ್ತಮ್ಮ, ಹಾಗೇ ಮಾಡ್ತೀನಿ."

ಮುಂದಿನ ಭಾನುವಾರ ಗಂಟೆ ಲಕ್ಷಣವಾಗಿ ನಿಂತಿತು. ಚರ್ಚು ಗಪ್‌ಚಿಪ್. ದೊರ್ಕಮ್ಮ ತನ್ನ ಮಾಮೂಲು ಜಾಗದಲ್ಲಿ, ಕಟ್ಟಕಡೆಯ ಬೆಂಚಿನಲ್ಲಿ, ಉಸಿರು ಬಿಟ್ಟಳು. ಅಷ್ಟರಲ್ಲಿ ಹಾಡುವ ತಂಡದವರು ಎದ್ದು ನಿಂತು ಬಾಯಿ ತೆರೆದರು. ಕೂಕ ತುದಿಗಾಲಲ್ಲಿ ಹೋದ. ಮೊದಲನೆಯವಳ ಕೈ ಹಿಡಿದ, ಹೊರಗೆ ಬಿಟ್ಟ. ಎರಡನೆಯವಳ ಕೈ ಹಿಡಿದ, ಹೊರಗೆ ಬಿಟ್ಟ. ಏನೋ ವಿಶೇಷ ಇರಬೇಕು ಅಂದುಕೊಂಡು ಅವರೂ ಹೋದರು. ದಪ್ಪ ದನಿಯ ದೇವಾಶಿಸ್ ಒಬ್ಬ ಹಾಡು ಮುಗಿಸಿಯೇ ಬರುತ್ತೇನೆ ಅಂತ ಹಟ ಹಿಡಿದ. ಕೂಕ ಅವನನ್ನು ಎತ್ತಿಕೊಂಡೇ ಹೋದ.

ಆಮೇಲೆ ಅಯ್ಯನವರು ಪ್ರಸಂಗ ಶುರು ಮಾಡಿದರು. ಕೂಕ ನೋಡಿದ. ಇಡೀ ಚರ್ಚು ಸುಮ್ಮನಿದೆ, ಮಾತಾಡುತ್ತಿರುವವರು ಇವರೊಬ್ಬರೇ.

ಅಯ್ಯನವರು ಬಿಳಿ ನಿಲುವಂಗಿಯಲ್ಲಿ ಹೊಂಗೆ ಮರದ ಕೆಳಗೆ, ಹಾಡುವವರ ಜೊತೆ, ಏನಾಯಿತು ಅಂತ ತಿಳಿಯದೆ ನಿಂತಿದ್ದರು. ಒಳಗೆ ಜನ ಸ್ವಲ್ಪ ಹೊತ್ತು ಕಾದರು. ಇಷ್ಟು ಚೆನ್ನಾದ ಪ್ರಸಂಗ ಈ ವರ್ಷ ಆಗಿರಲಿಲ್ಲ ಅಂತ ಯಾರೋ ಹಿಂದಿನಿಂದ ಅಂದರಂತೆ. ಯಾರು ಅಂತ ಆಂಟಿ ಹೇಳಲಿಲ್ಲ.

ಈ ಸಲ ಬೈದವರು ಮೇಷ್ಟ್ರು. ಚರ್ಚು ಇರುವುದು ಒಳಗಿದ್ದವರನ್ನು ಹೊರಗೆ ಹಾಕುವುದಕ್ಕಲ್ಲ, ಹೊರಗಿದ್ದವರನ್ನು ಒಳಗೆ ಕರೆಯುವುದಕ್ಕೆ ಅಂದರು. ಗೇಟಿಗೆ ಯಾರೇ ಬರಲಿ, ಕೈ ಮುಗಿದು ಒಳಗೆ ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿ, ಕೀರ್ತನೆ ಪುಸ್ತಕ ತೆರೆದು ಮುಂದಿಡು ಅಂದರು.

"ಆಯ್ತು ಮೇಷ್ಟ್ರೇ, ಹಾಗೇ ಮಾಡ್ತೀನಿ."

ಅದರ ಮುಂದಿನ ಭಾನುವಾರ ಸುಗ್ಗಿ ಹಬ್ಬ. ಬೆಳೆದದ್ದರಲ್ಲಿ ಮೊದಲನೆಯದನ್ನು ಜನ ದೇವರಿಗೆ ತರುವ ದಿನ. ಕುಂಬಳಕಾಯಿ, ಬಾಳೆಗೊನೆಗಳನ್ನು ಒಳಗೆ ಜೋಡಿಸಿದರು. ಕಾಲಿರುವ ಕಾಣಿಕೆಗಳನ್ನು, ಆರಾಧನೆ ಮುಗಿದ ಮೇಲೆ ಹರಾಜು ಹಾಕುವುದಕ್ಕೆ, ಗೇಟಿನ ಹತ್ತಿರ ಕಟ್ಟಿದರು. ಒಂದು ಹೋತ, ಎರಡು ಹುಂಜ, ಒಂದು ಟರ್ಕಿ ಕೋಳಿ.

ಕಮಿಟಿಯವರು ಮೆರವಣಿಗೆಯಲ್ಲಿ ಹಾಡುತ್ತಾ ಒಳಗೆ ಬರುತ್ತಾರೆ, ಅವರ ಬೆಂಚು ಭರ್ತಿ! ಹೋತ ಮೊದಲನೆಯ ಜಾಗದಲ್ಲಿ ಮುಂಗಾಲೂರಿ ಕೂತಿದೆ. ಹುಂಜಗಳು ಒಂದರ ಪಕ್ಕ ಒಂದು. ಮೇಷ್ಟ್ರ ಜಾಗದಲ್ಲಿ ಟರ್ಕಿ ಕೋಳಿ, ಕತ್ತಿನ ಕೆಂಪು ಜೋಲು ಅಲ್ಲಾಡಿಸುತ್ತಾ, ಥೇಟ್ ಮೇಷ್ಟ್ರ ಹಾಗೇ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿದೆ. ಎಲ್ಲರ ಮುಂದೂ ಕೀರ್ತನೆ ಪುಸ್ತಕ ತೆರೆದಿದೆ. ಹೋತ ಆಗಲೇ ಸ್ತೋತ್ರದ ಹಾಡುಗಳನ್ನು ತಿಂದು ಮುಗಿಸಿ ಮರಣದ ಹಾಡುಗಳಿಗೆ ಬಂದಿತ್ತು. ಯಾರೋ ಹಚಾ ಅಂದರು. ಹೋತ ನೆಗೆಯಿತು, ಹುಂಜ ಹಾರಿತು, ಟರ್ಕಿ ಅಯ್ಯನವರ ಪೀಠ ಹತ್ತಿತು. ಹೋತ ಮೆಕ್ಕೆಜೋಳದ ತೋರಣವನ್ನು ಕೊರಳಿಗೆ ಸುತ್ತಿಕೊಂಡು ಪೇಟೆ ಬೀದಿಯಲ್ಲಿ ಓಡಿದ್ದು ಸಂಜೆ ತನಕ ಸಿಗಲಿಲ್ಲ.

ದೊರ್ಕಮ್ಮ ಮನೆಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಈಗಿನಿಂದಲೇ ಟ್ರಂಕು ಕಟ್ಟಿಡಲೇನೋ ಅಂದಳು. ನಿನಗೆ ಏನಾದರೂ ಒಪ್ಪಿಸಿದರೆ ಅದನ್ನ ಎರಡು ಕೈಲೂ ಗಟ್ಟಿಯಾಗಿ ಹಿಡ್ಕೊಂಡು ನಿಂತ್ಕೋ, ಆರಾಧನೆ ಮುಗಿಯೋ ತನಕ ಬಿಡಬೇಡ, ಎಳೆದರೂ ಬಿಡಬೇಡ ಅಂದಳು.

"ಆಯ್ತಮ್ಮ, ಹಾಗೇ ಮಾಡ್ತೀನಿ."

ಮುಂದಿನ ವಾರ ಪ್ರಭು ಭೋಜನ, ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆ. ನಮ್ಮಲ್ಲಿ ಅದಕ್ಕೆ ಮೊದಲು ಒಂದು ಪದ್ಧತಿ ಇದೆ. ಅಯ್ಯನವರು ಮುಂದಿರುವವರ ಕೈಗಳನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದು, ದೇವರ ಸಮಾಧಾನ ನಿನ್ನ ಸಂಗಡ ಇರಲಿ ಅನ್ನುತ್ತಾರೆ. ಅವರು ಪಕ್ಕದವರ ಕೈ ಹಿಡಿದು ಅದನ್ನೇ ಅನ್ನುತ್ತಾರೆ, ಅವರು ತಮ್ಮ ಪಕ್ಕದವರ ಕೈ. ಹೀಗೆ ಸಮಾಧಾನ ಕೈಯಿಂದ ಕೈಗೆ ದಾಟುತ್ತಾ ಕಡೆಯ ಬೆಂಚಿನ ತನಕ ಹೋಗುತ್ತದೆ. ಅವತ್ತು ಮುಂದೆ ಇದ್ದವನು ಕೂಕ. ಅಯ್ಯನವರು ಕೈ ಕೊಟ್ಟರು.

ಕೂಕ ಹಿಡಿದ. ಹಿಡಿದವನು ಬಿಡಲಿಲ್ಲ. ಅಯ್ಯನವರು ಮೆಲ್ಲಗೆ ಎಳೆದರು, ಜೋರಾಗಿ ಎಳೆದರು, ಕಾಲೂರಿ ಎಳೆದರು. ಎಳೆದಷ್ಟೂ ಕೂಕ ಬಿಗಿ ಮಾಡಿದ. ಸಮಾಧಾನ ಮೊದಲ ಬೆಂಚಿನಲ್ಲೇ ನಿಂತುಹೋಯಿತು. ಅಯ್ಯನವರು ರೊಟ್ಟಿ ಮುರಿದದ್ದು ಕೂಕನ ಕೈ ಸಮೇತ, ಪಾತ್ರೆ ಎತ್ತಿದ್ದು ಕೂಕನ ಕೈ ಸಮೇತ, ಕಡೆಯ ಆಶೀರ್ವಾದಕ್ಕೆ ಮೇಲೆದ್ದ ಕೈಗಳು ನಾಲ್ಕು.

ಆರಾಧನೆ ಮುಗಿಯುತ್ತಲೇ ಕೂಕ ಬಿಟ್ಟ. ಅಯ್ಯನವರು ಮಣಿಕಟ್ಟು ಉಜ್ಜಿಕೊಳ್ಳುತ್ತಾ ಅವನನ್ನು ಪಕ್ಕಕ್ಕೆ ಕರೆದರು. ಅವರು ಬೈಯಲಿಲ್ಲ, ಅದೇ ತಪ್ಪಾಯಿತು ಅನ್ನುತ್ತಿದ್ದರು ಆಂಟಿ.

"ನೋಡಪ್ಪಾ ಕೂಕ, ಕೈಗೆ ಬಂದದ್ದನ್ನ ಇಟ್ಟುಕೋಬಾರದು. ಬಂದ ತಕ್ಷಣ ಪಕ್ಕದವರಿಗೆ ದಾಟಿಸಬೇಕು. ಅವರು ಅವರ ಪಕ್ಕದವರಿಗೆ. ಕಟ್ಟಕಡೆಯವರ ತನಕ ಹೋಗಬೇಕು."

"ಆಯ್ತು ಅಯ್ಯನವರೇ, ಹಾಗೇ ಮಾಡ್ತೀನಿ."

ಬಿಷಪ್ ಅಯ್ಯನವರು ಬರುವ ಭಾನುವಾರ ಬಂತು. ಮೇಷ್ಟ್ರು ಗಂಟೆ ಹೊಡೆಯುವುದಕ್ಕೆ ಬೇರೊಬ್ಬನನ್ನು ಗೊತ್ತು ಮಾಡಿ, ಬೀಗದ ಕೈಯನ್ನು ಜೇಬಿನಲ್ಲಿ ಝಣಝಣ ಆಡಿಸುತ್ತಾ ಕೂತಿದ್ದರು. ಅತ್ತಿಗೆಯನ್ನು ಕರೆದುಕೊಂಡು ಹೋಗುವುದಕ್ಕೆ ರೆಬೆಕ್ಕಮ್ಮನೂ ಬಂದು, ಕಡೆಯ ಬೆಂಚಿನಲ್ಲಿ ದೊರ್ಕಮ್ಮನ ಪಕ್ಕ, ಗೋಡೆಗೆ ಒತ್ತಿಕೊಂಡು ಕೂತಳು. ಕೂತವಳೇ ಕಣ್ಣು ಮುಚ್ಚಿ, ಕರ್ತನೇ, ಬಸ್ಸಿನಲ್ಲಿ ನಮ್ಮ ಅತ್ತಿಗೆಗೆ ವಾಂತಿಯಾಗದಂತೆ ಕಾಪಾಡು ಅಂತ ಶುರು ಮಾಡಿದಳು.

ದೃಢೀಕರಣಕ್ಕೆ ಹುಡುಗ ಹುಡುಗಿಯರು ಮಂಡಿಯೂರಿದರು. ಅವರ ತಲೆಯ ಮೇಲೆ ಕೈ ಇಡಬೇಕಲ್ಲ, ಬಿಷಪ್ ಅಯ್ಯನವರು ತಮ್ಮ ಬೆಳ್ಳಿ ಕಟ್ಟಿನ ಉದ್ದದ ಕೋಲನ್ನು ಹತ್ತಿರ ನಿಂತಿದ್ದವನ ಕೈಗೆ ಕೊಟ್ಟರು. ಹತ್ತಿರ ನಿಂತಿದ್ದವನು ಯಾರು? ಕೂಕ.

ಕೈಗೆ ಬಂತು. ದಾಟಿಸಿದ.

ಮೊದಲ ಬೆಂಚಿನ ಡಾಕ್ಟರಮ್ಮನಿಗೆ ಗಾಬರಿ, ಆದರೂ ಇದು ಹೊಸ ಪದ್ಧತಿ ಇರಬೇಕು ಅಂತ ಬಗ್ಗಿ ಕೋಲನ್ನು ಹಣೆಗೆ ಮುಟ್ಟಿಸಿ ಪಕ್ಕಕ್ಕೆ ಕೊಟ್ಟರು. ಅವರು ಹಾಗೇ, ಇವರೂ ಹಾಗೇ. ಬಿಷಪ್ ಅಯ್ಯನವರು ಆಶೀರ್ವಾದ ಮುಗಿಸಿ ಹಿಂದಕ್ಕೆ ಕೈ ಚಾಚಿದರೆ ಕೋಲಿಲ್ಲ. ಅದು ಜನರ ತಲೆಗಳ ಮೇಲೆ ತೇಲಿಕೊಂಡು ಹೋಗುತ್ತಿದೆ. ಮಂಚದ ಮೇಲಿದ್ದ ಸಾಮುವೇಲಪ್ಪನವರು, ಗಂಟೆ ನಿಲ್ಲದ ಆ ಭಾನುವಾರದಿಂದ ಅವರನ್ನು ಪ್ರತಿ ವಾರ ಹೊತ್ತು ತರುತ್ತಿದ್ದರು, ಕೋಲಿನಿಂದ ಬೆನ್ನು ಕೆರೆದುಕೊಂಡು ಮುಂದಕ್ಕೆ ಕೊಟ್ಟರು. ಕಡೆಗೆ ಕೋಲು ದೊರ್ಕಮ್ಮನ ಕೈಗೆ ಬಂತು.

ದೊರ್ಕಮ್ಮ ಎದ್ದಳು. ತಲೆ ಮೇಲೆ ಸೆರಗೆಳೆದುಕೊಂಡು, ಕೋಲು ಹಿಡಿದು, ಇಡೀ ಚರ್ಚು ನೋಡುತ್ತಿರುವಾಗ ನಡುವಿನ ದಾರಿಯಲ್ಲಿ ನಡೆದು ಬಂದಳು. ತಪ್ಪಾಯಿತು ಅಯ್ಯನವರೇ, ನನ್ನ ಮಗನಿಗೆ ಹೇಳಿದಷ್ಟೇ ಗೊತ್ತಾಗುತ್ತೆ, ನಾವು ಈವತ್ತೇ ಕೋಣೆ ಬಿಡ್ತೀವಿ ಅಂದಳು.

ಬಿಷಪ್ ಅಯ್ಯನವರ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. ಯಾವ ಕೋಣೆ ಅಂತ ಕೇಳಿದರು. ಸತ್ಯಮಿತ್ರ ಅಯ್ಯನವರು ಕಿವಿಯಲ್ಲಿ ಎಲ್ಲ ಹೇಳಿದರು. ಮಂಚದ ಕತೆ, ಟರ್ಕಿಯ ಕತೆ, ನಾಲ್ಕು ಕೈಗಳ ಕತೆ. ಹೇಳುತ್ತಾ ಹೇಳುತ್ತಾ ಅವರಿಗೂ ನಗು ತಡೆಯಲಿಲ್ಲ. ಬಿಷಪ್ ಅಯ್ಯನವರು ಕಣ್ಣೊರೆಸಿಕೊಂಡು, ಮೇಷ್ಟ್ರ ಜೇಬಿನಿಂದ ಬೀಗದ ಕೈ ತರಿಸಿ, ಕೂಕನ ಅಂಗೈಯಲ್ಲಿಟ್ಟರು.

"ತಗೋ. ಗಂಟೆಯೂ ನಿನ್ನದು, ಕೋಣೆಯೂ ನಿನ್ನದು."

ದೊರ್ಕಮ್ಮ ಕೈ ಮುಗಿದು ಮಗನ ಪಕ್ಕ ನಿಂತಳು. ಕೂಕ ಬೀಗದ ಕೈ ನೋಡಿದ. ಪಕ್ಕದಲ್ಲಿ ಯಾರಿದ್ದಾರೆ ನೋಡಿದ. ಅಮ್ಮ. ದಾಟಿಸಿದ.

ಚರ್ಚಿಗೆ ಚರ್ಚೇ ಉಸಿರು ಬಿಟ್ಟಿತು. ಹುಟ್ಟಿದಾಗಿನಿಂದ ಇದೊಂದು ಸರಿಯಾಗಿ ಮಾಡಿದನಲ್ಲ ಅಂತ ಮೇಷ್ಟ್ರೂ ಅಂದರಂತೆ. ದೊರ್ಕಮ್ಮ ಬೀಗದ ಕೈಯನ್ನು ಮುಷ್ಟಿಯಲ್ಲಿ ಅದುಮಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಬಿಷಪ್ ಅಯ್ಯನವರು ಕಡೆಯ ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ಕೂಕ ಮಾತ್ರ ಹಿಂದೆಯೇ ಹೋಗಿ ಬೆಂಚಿನ ಪಕ್ಕ ನಿಂತ.

"ಅಮ್ಮಾ, ದಾಟಿಸು."

ಸುಮ್ಮನಿರೋ ಅಂತ ದೊರ್ಕಮ್ಮ ಕಣ್ಣಲ್ಲೇ ಗದರಿದಳು.

"ಇಟ್ಟುಕೋಬಾರದಮ್ಮ. ಅಯ್ಯನವರು ಹೇಳಿದಾರೆ. ಕಟ್ಟಕಡೆಯವರ ತನಕ ಹೋಗಬೇಕು."

ದೊರ್ಕಮ್ಮ ಮುಷ್ಟಿ ಬಿಗಿ ಮಾಡಿದಳು. ಆದರೆ ಎರಡು ಕೈಲಿ ಹಿಡಿದದ್ದನ್ನು ಬಿಡದ ಮಗನಿಗೆ ಒಂದು ಮುಷ್ಟಿ ಬಿಡಿಸುವುದು ಎಷ್ಟರ ಕೆಲಸ? ಒಂದೊಂದೇ ಬೆರಳು ಬಿಡಿಸಿದ. ಕಟ್ಟಕಡೆಗೆ ಕೂತಿದ್ದವಳ ಅಂಗೈಯಲ್ಲಿ ಬೀಗದ ಕೈಯನ್ನು ಭಕ್ತಿಯಿಂದ ಇಟ್ಟ.

ರೆಬೆಕ್ಕಮ್ಮ ಕಣ್ಣು ತೆರೆದಳು. ಬೀಗದ ಕೈ ನೋಡಿದಳು. ಹಣೆಗೆ ಮುಟ್ಟಿಸಿದಳು. ಸೆರಗಿನ ತುದಿಗೆ ಗಂಟು ಹಾಕಿದಳು.

"ದಾಟಿಸತ್ತೆ" ಅಂದ ಕೂಕ.

"ನನ್ನ ಪಕ್ಕ ಗೋಡೆ ಇದೆಯಲ್ಲೋ ಅಳಿಯ. ಗೋಡೆಗೆ ಹೇಗೆ ದಾಟಿಸಲಿ?" ಅಂದಳು ರೆಬೆಕ್ಕಮ್ಮ. ಮತ್ತೆ ಕಣ್ಣು ಮುಚ್ಚಿ, ಕರ್ತನೇ, ಕೇಳದಿದ್ದರೂ ಕೊಡುವವನೇ, ಅಂತ ಶುರು ಮಾಡಿದಳು.

ದೊರ್ಕಮ್ಮ ನಾದಿನಿಯ ಮನೆಗೆ ಹೋಗುವುದು ತಪ್ಪಿತು. ಸೋಮವಾರದ ಮೊದಲ ಬಸ್ಸಿಗೆ ರೆಬೆಕ್ಕಮ್ಮನ ಟ್ರಂಕು, ಹಾಸಿಗೆ, ರುಬ್ಬುವ ಕಲ್ಲು ಎಲ್ಲ ಗೇಟಿನ ಪಕ್ಕದ ಕೋಣೆಗೆ ಬಂದಿಳಿದವು. ಇಳಿಸಿಕೊಂಡವನು ಕೂಕ. ಗೇಟಿಗೆ ಯಾರೇ ಬರಲಿ ಒಳಗೆ ಕರೆಯಬೇಕು ಅಂತ ಅವನಿಗೆ ಯಾರೋ ಹೇಳಿದ್ದರು.

ಇಷ್ಟೇ ಕತೆ. ನನ್ನ ಎಡಕ್ಕೆ ಕೂತಿದ್ದ ಪ್ರೇಮಲೀಲಾ ಆಂಟಿಯಿಂದ ನನ್ನ ಕೈಗೆ ಬಂತು, ಈಗ ನಿಮ್ಮ ಕೈಯಲ್ಲಿದೆ. ಕೈಗೆ ಬಂದದ್ದನ್ನು ಇಟ್ಟುಕೋಬಾರದು. ಪಕ್ಕದಲ್ಲಿ ಯಾರಿದ್ದಾರೆ ನೋಡಿ, ದಾಟಿಸಿ. ನಾದಿನಿ ಇದ್ದರೂ ಪರವಾಗಿಲ್ಲ, ಬರೀ ಕತೆ ತಾನೇ. ಬೀಗದ ಕೈ ಮಾತ್ರ ಸೊಂಟದಲ್ಲಿ ಭದ್ರವಾಗಿರಲಿ.