ಒಂದು ಹಿಡಿ ಗಿಡ್ಡ

ಗಾಲ್ಫ್ ಅಂದ ಕೂಡಲೇ ಮೂಗು ಮುರಿಯಬೇಡಿ. ದೊಡ್ಡವರ ಆಟಕ್ಕೆ ಗುರು ಏನು, ಶಿಷ್ಯರೇನು ಅಂತೀರಾ? ಗುರು ಕೂತಲ್ಲೇ ಆಶ್ರಮ ಕಣ್ರೀ.

ಕೆರೆ ದಂಡೆಯಲ್ಲೊಂದು ಹಳೇ ಮೈದಾನ. ಅದರ ಮೂಲೆಯಲ್ಲಿ ಹೆಂಚಿನ ಷೆಡ್ಡು. ಷೆಡ್ಡಿನಲ್ಲಿ ಮುದ್ದಯ್ಯ ಮೇಷ್ಟ್ರು.

ಮೇಷ್ಟ್ರಿಗೆ ಮಾತು ಕಮ್ಮಿ. ಹೊಗಳಿಕೆಯಂತೂ ಇಲ್ಲವೇ ಇಲ್ಲ. ಅಪ್ಪಿತಪ್ಪಿ "ಪರವಾಗಿಲ್ಲ" ಅಂದರೆ ಶಿಷ್ಯರು ಮನೆಗೆ ಓಡಿಹೋಗಿ ಹೇಳಿಕೊಳ್ಳುತ್ತಿದ್ದರು.

ಅಲ್ಲೊಂದು ವಾಡಿಕೆ ಇತ್ತು. ಗಾಲ್ಫಿನಲ್ಲಿ ದೂರ ಹೊಡೆಯುವ ಕೋಲುಗಳು ಬೇರೆ. ಗುಳಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ಒಳಗೆ ತಳ್ಳುವ ಕೋಲು ಬೇರೆ. ಅದಕ್ಕೆ ಪಟರ್ ಅಂತಾರೆ. ಬೇರೆ ಕೋಲುಗಳನ್ನು ಶಿಷ್ಯರು ಎಲ್ಲಾದರೂ ಕೊಳ್ಳಬಹುದು. ಪಟರ್ ಮಾತ್ರ ಮೇಷ್ಟ್ರ ಕೈಯಿಂದಲೇ ಬರಬೇಕು. ಅವರಾಗಿ ಹೇಳುವ ತನಕ ಅದನ್ನು ಬದಲಿಸುವ ಹಾಗಿಲ್ಲ.

ನೀಲವೇಣಿಗೆ ಸಿಕ್ಕಿದ್ದು ಸಾಮಾನ್ಯದ್ದಲ್ಲ. ಮೇಷ್ಟ್ರು ತಮ್ಮ ಪ್ರಾಯದಲ್ಲಿ ಆಡಿ ಗೆದ್ದ ಪಟರ್ ಅದು. ಹಿತ್ತಾಳೆ ತಲೆ, ಒಂದು ಮೂಲೆಯಲ್ಲಿ ಸಣ್ಣ ನೆಗ್ಗು. ಅವರು ಅದನ್ನು ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಈ ಹುಡುಗಿಯ ಕೈ ನೋಡಿದವರೇ ಗೋಡೆಯಿಂದ ಇಳಿಸಿ ಕೊಟ್ಟುಬಿಟ್ಟರು.

ಅವಳಿಗೂ ಆ ಕೋಲೆಂದರೆ ಪ್ರಾಣ. ಒಮ್ಮೆ ದೂರದ ಊರಿನಲ್ಲಿ ಪಂದ್ಯ. ಅಲ್ಲಿಯ ಕೋಚ್ ಒಬ್ಬರು ಅವಳ ಆಟ ನೋಡಿ, "ಕೈ ಚೆನ್ನಾಗಿದೆಯಮ್ಮ, ಆದರೆ ಈ ಕೋಲು ನಿನಗಾಗೋದಿಲ್ಲ" ಅಂದರು.

"ಇದು ನಮ್ಮ ಮೇಷ್ಟ್ರ ಕೋಲು ಸಾರ್. ಇದರ ಸುದ್ದಿಗೆ ಬರಬೇಡಿ" ಅಂದಳು.

ಊರಿಗೆ ಬಂದು ಮೇಷ್ಟ್ರಿಗೂ ಹೇಳಿದಳು. ಮೇಷ್ಟ್ರು ನಕ್ಕರು. ಅವತ್ತು ಶಿಷ್ಯರಿಗೆಲ್ಲ ಮಸಾಲೆ ದೋಸೆ ಕೊಡಿಸಿದರು. ಮೇಷ್ಟ್ರು ದೋಸೆ ಕೊಡಿಸಿದ್ದು ಅದೇ ಮೊದಲು, ಅದೇ ಕೊನೆ.

ಇದೆಲ್ಲ ಹಳೇ ಮಾತು. ಈಗ ಹೇಳಹೊರಟಿದ್ದು ನೀಲವೇಣಿ ಸೋತು ಬಂದ ಬೆಳಿಗ್ಗೆಯ ಸಂಗತಿ.

ಹಿಂದಿನ ದಿನ ರಾಜ್ಯ ತಂಡದ ಆಯ್ಕೆ ಪಂದ್ಯ. ಬೆಳಿಗ್ಗೆಯೆಲ್ಲ ಅವಳೇ ಮುಂದಿದ್ದಳು. ಮಧ್ಯಾಹ್ನದ ಮೇಲೆ ಒಂದೊಂದೇ ಕೈತಪ್ಪಿತು. ಕೊನೆಯ ಗುಳಿಯಲ್ಲಿ ಚೆಂಡು ಎರಡು ಮೊಳ ದೂರದಲ್ಲಿತ್ತು. ತಳ್ಳಿದರೆ ಸಾಕು, ತಂಡದಲ್ಲಿ ಜಾಗ. ತಳ್ಳಿದಳು. ಚೆಂಡು ಗುಳಿಯ ಅಂಚನ್ನು ಸವರಿಕೊಂಡು ಆಚೆ ಹೋಯಿತು.

ಮುಂದಿನ ವರ್ಷದಿಂದ ಚಿಕ್ಕ ವಯಸ್ಸಿನವರಿಗೆ ಮಾತ್ರ ಅವಕಾಶ ಅಂತ ಮೊದಲೇ ಹೇಳಿದ್ದರು. ಅಲ್ಲಿಗೆ ಮುಗಿಯಿತು.

ಅವಳು ಬಂದಾಗ ಮೇಷ್ಟ್ರು ಕುಕ್ಕರುಗಾಲಿನಲ್ಲಿ ಕೂತು ಹುಲ್ಲಿನ ಕಳೆ ಕೀಳುತ್ತಿದ್ದರು.

"ಮೇಷ್ಟ್ರೇ, ನನಗೊಂದು ಹೊಸ ಪಟರ್ ಆರಿಸಿಕೊಡಿ."

ಮೇಷ್ಟ್ರು ತಲೆ ಎತ್ತಲಿಲ್ಲ.

"ಹಳೇದಕ್ಕೇನಾಯ್ತು?"

"ಅದಕ್ಕೇನೂ ಆಗಿಲ್ಲ. ಅದನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ."

ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಕೋಲನ್ನು ಬೆಂಚಿನ ಮೇಲಿಟ್ಟಳು. ಇಟ್ಟು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹೊಟ್ಟೆ ಉರಿದರೂ ಅಭ್ಯಾಸ ಬಿಡಬೇಕಲ್ಲ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನೀವು ಅದನ್ನೇ ಅಂತೀರ ಅಂತ ಗೊತ್ತು. ಅಂದುಬಿಡಿ. ಬಸ್ಸಲ್ಲಿ ಬರ್ತಾ ನಾನೇ ಅಂದ್ಕೊಂಡು ಬಂದೆ."

ಮೇಷ್ಟ್ರು ಆ ಗಾದೆಯನ್ನು ಎಷ್ಟೋ ಶಿಷ್ಯರ ಮುಖಕ್ಕೆ ಹೊಡೆದ ಹಾಗೆ ಹೇಳಿದವರು. ಅವತ್ತು ಹೇಳಲಿಲ್ಲ.

"ಮೇಷ್ಟ್ರೇ, ನಿಜ ಹೇಳಿ. ತಪ್ಪು ಕೋಲಿಂದಾದ್ರೆ ಬೇರೆ ಕೋಲು ಕೊಡಿ. ಭಾನುವಾರ ಭಾನುವಾರವಾದ್ರೂ ಬಂದು ಆಡ್ತೀನಿ. ನನ್ನ ಕೈಯಿಂದಾದ್ರೆ ಈ ಆಟಕ್ಕೆ ಇವತ್ತೇ ದೊಡ್ಡ ನಮಸ್ಕಾರ. ಅಕ್ಕನ ಹೊಲಿಗೆ ಅಂಗಡೀಲಿ ಕೂರ್ತೀನಿ. ಮತ್ತೆ ಈ ಕಡೆ ತಲೆ ಹಾಕೋಲ್ಲ."

"ಅಷ್ಟು ಸಲೀಸಾಗಿ ಬಿಡ್ತೀಯಾ?"

"ಸಲೀಸಾ? ರಾತ್ರಿಯೆಲ್ಲ ಅತ್ತಿದೀನಿ ಮೇಷ್ಟ್ರೇ."

ಮೇಷ್ಟ್ರು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. "ಕೈ ನಿಂದೇ ಕಣವ್ವ" ಅಂದಿದ್ದರೆ ಅವಳು ನಂಬಿ ಎದ್ದು ಹೋಗುತ್ತಿದ್ದಳು. ಗುರುವಿನ ಮಾತಲ್ಲವೇ? ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಮೇಷ್ಟ್ರು ಕೈಯಲ್ಲಿದ್ದ ಕಳೆಯನ್ನು ಆಚೆ ಎಸೆದರು. ಆಮೇಲೆ ಎದ್ದು ಮಣ್ಣು ಕೊಡವಿಕೊಂಡರು.

"ಬಾ."

ಷೆಡ್ಡಿನಿಂದ ಮೂರು ಪಟರ್ ತಂದರು. ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಅವಳನ್ನು ನಿಲ್ಲಿಸಿದರು.

ಮೊದಲನೆಯದು ಮದುವೆಮನೆ ಬಿಂದಿಗೆ ಹಾಗೆ ಹೊಳೆಯುತ್ತಿತ್ತು. ನೀಲವೇಣಿ ಅದನ್ನು ಹಿಡಿದು ಬಗ್ಗಿದಳು. ಚೆಂಡು ಗುಳಿಯ ಬಲಕ್ಕೆ ಹೋಯಿತು.

"ಕೈ ಎಲ್ಲಿದೆ ನೋಡ್ಕೋ."

ನೋಡಿಕೊಂಡಳು. ರಬ್ಬರಿನ ಹಿಡಿ ಮೇಲೆಲ್ಲೋ ಉಳಿದಿತ್ತು. ಎರಡೂ ಕೈ ಕೆಳಗೆ ಬರೀ ಕಬ್ಬಿಣದ ಮೇಲಿದ್ದವು.

"ಅಭ್ಯಾಸ ಮೇಷ್ಟ್ರೇ."

"ಮೇಲೆ ಹಿಡಿ."

"ಮೇಲೆ ಹಿಡಿದ್ರೆ ಕೋಲು ಹೊಟ್ಟೆಗೆ ತಿವಿಯುತ್ತೆ."

"ಹಾಗಾದ್ರೆ ಬಗ್ಗಬೇಡ."

"ಬಗ್ಗದೆ ಆಡೋಕಾಗುತ್ತಾ?"

ಮೇಷ್ಟ್ರು ಎರಡನೆಯದನ್ನು ಕೊಟ್ಟರು. ಮತ್ತೆ ಬಗ್ಗಿದಳು, ಮತ್ತೆ ಕೈ ಕಬ್ಬಿಣಕ್ಕೇ ಇಳಿಯಿತು, ಚೆಂಡು ಮತ್ತೆ ಬಲಕ್ಕೇ ಹೋಯಿತು.

"ನೋಡಿದ್ರಾ? ಕೈದೇ ತಪ್ಪು. ಅಯ್ಯೋ ಬಿಡಿ ಮೇಷ್ಟ್ರೇ, ನಾನು ಹೊರಡ್ತೀನಿ."

"ಕೋಲು ಕೆಳಗಿಡು. ಬಸ್ಸಿಗೆ ಕಾಯೋ ಹಾಗೆ ನಿಲ್ಲು."

"ಏನು?"

"ಬಸ್ಸಿಗೆ ಕಾಯ್ತಾ ನಿಲ್ಲೋದು ಗೊತ್ತಿಲ್ವಾ?"

ನಿಂತಳು. ಆಗ ನೋಡಬೇಕಿತ್ತು ಅವಳ ಎತ್ತರವ! ಮನೆಯಲ್ಲಿ ಅವಳನ್ನು ತೆಂಗಿನಮರ ಅಂತಲೇ ಆಡಿಕೊಳ್ಳುತ್ತಿದ್ದದ್ದು. ಮೇಷ್ಟ್ರು ಅವಳ ಕಿವಿಯವರೆಗೂ ಬರುತ್ತಿರಲಿಲ್ಲ.

"ಈಗ ನಿಮ್ಮಜ್ಜಿ ಎದುರಿಗೆ ಬಂದ್ರು ಅಂದ್ಕೋ. ನಮಸ್ಕಾರ ಅನ್ನೋಷ್ಟೇ ಬಗ್ಗು. ಕಾಲಿಗೆ ಬೀಳಬೇಡ."

"ನಮ್ಮಜ್ಜಿ ಅಷ್ಟಕ್ಕೆಲ್ಲ ಬಿಡೋಳಲ್ಲ" ಅಂತ ನೀಲವೇಣಿ ನಕ್ಕಳು. ಸೋತ ಮೇಲೆ ಅದೇ ಮೊದಲು ನಕ್ಕಿದ್ದು.

"ಅಷ್ಟೇ ಸಾಕು. ಕೈ ಇಳಿಬಿಡು. ಇಳಿಬಿಟ್ಟ ಕೈ ಎಲ್ಲಿಗೆ ಬರುತ್ತೋ ಅಲ್ಲೇ ಇರ್ಲಿ."

ಮೇಷ್ಟ್ರು ಮೂರನೆಯ ಪಟರ್ ತಂದು ಆ ಕೈಗಳ ನಡುವೆ ಇಟ್ಟರು. ಕಪ್ಪು ತಲೆಯ ಸಾದಾ ಪಟರ್. ಹಿಡಿ ತಾನಾಗಿ ಬಂದು ಅಂಗೈಯಲ್ಲಿ ಕೂತಿತು.

"ತಳ್ಳು."

ತಳ್ಳಿದಳು. ಟಕ್. ಚೆಂಡು ಗುಳಿಗೆ ಬಿತ್ತು.

"ಮತ್ತೆ."

ಟಕ್.

ಮೇಷ್ಟ್ರು ಚೆಂಡನ್ನು ಹಿಂದೆ ಹಿಂದೆ ಇಡುತ್ತ ಹೋದರು. ಅವಳು ತಳ್ಳುತ್ತ ಹೋದಳು. ಒಂದೆರಡು ತಪ್ಪಿದವು, ತಪ್ಪದೆ ಇರುತ್ತವೆಯೇ? ಉಳಿದವೆಲ್ಲ ಬಿಲ ಕಂಡ ಇಲಿಗಳ ಹಾಗೆ ಒಳಗೆ ಹೋದವು. ಬಿಸಿಲು ನೆತ್ತಿಗೆ ಬಂದಿದ್ದು ಅವಳಿಗೆ ತಿಳಿಯಲಿಲ್ಲ.

ಒಮ್ಮೆಲೇ ನಿಂತಳು.

"ಮೇಷ್ಟ್ರೇ! ಬೆನ್ನು ನೋಯ್ತಿಲ್ಲ."

ಮೇಷ್ಟ್ರು ಕೆರೆಯ ಕಡೆ ನೋಡುತ್ತಿದ್ದರು.

"ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡ್ಕೊಂಡುಬಿಡೋದು ಮೇಷ್ಟ್ರೇ. ಯಾರಿಗೂ ಹೇಳ್ತಿರಲಿಲ್ಲ. ನಿನ್ನೆನೂ ಹಾಗೇ ಆಯ್ತು. ಇವತ್ತು ಏನೂ ಇಲ್ಲ! ಇದೇ ಇರ್ಲಿ ಮೇಷ್ಟ್ರೇ, ನಂಗೆ ಇದೇ ಸಾಕು."

ಸಂತೋಷದಲ್ಲಿ ಬೆಂಚಿನ ಹತ್ತಿರ ಓಡಿದಳು. ಹಳೇ ಕೋಲಿಗೆ ಒಂದು ಮಾತು ಹೇಳಿ ಬರೋಣ ಅಂತ. ಇಷ್ಟು ದಿನ ಜೊತೆಗಿದ್ದದ್ದು, ಸುಮ್ಮನೆ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಟವೆಲ್ ಬಿಚ್ಚಿ, ಹೊಸದನ್ನೂ ಹಳೇದನ್ನೂ ಷೆಡ್ಡಿನ ಗೋಡೆಗೆ ಒರಗಿಸಿದಳು. ಒರಗಿಸಿದವಳು ಹಾಗೇ ನಿಂತಳು.

"ಮೇಷ್ಟ್ರೇ, ಇದು ಗಿಡ್ಡ."

ಎರಡರ ನಡುವೆ ತನ್ನ ಮುಷ್ಟಿ ಇಟ್ಟು ನೋಡಿದಳು. ಹಳೆಯದು ಹೊಸದಕ್ಕಿಂತ ಸರಿಯಾಗಿ ಒಂದು ಹಿಡಿ ಗಿಡ್ಡ.

ಅವಳಿಗೆ ಆ ದಿನ ನೆನಪಾಯಿತು. ಆಗ ಅವಳು ಜಡೆಗೆ ರಿಬ್ಬನ್ ಕಟ್ಟುತ್ತಿದ್ದ ಹುಡುಗಿ. ಮೇಷ್ಟ್ರು ಆ ಹಿತ್ತಾಳೆ ತಲೆಯ ಕೋಲನ್ನು ಅವಳ ಪಕ್ಕ ನಿಲ್ಲಿಸಿ, ಸೊಂಟದ ಹತ್ತಿರ ಉಗುರಿನಿಂದ ಗುರುತು ಹಾಕಿ, ಇದೇ ಬೆಂಚಿನ ಮೇಲೆ ಗರಗಸದಿಂದ ಕೊಯ್ದರು. ಕಬ್ಬಿಣ ಕಿರ್ರೋ ಅನ್ನುವಾಗ ಅವಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಸಣ್ಣ ಮಕ್ಕಳ ಎತ್ತರಕ್ಕೆ ಕೋಲು ಕೊಯ್ದು ಕೊಡುವುದು ಅಲ್ಲಿ ಮಾಮೂಲು.

ಮಗು ಬೆಳೆಯಿತು. ಕೋಲು ಬೆಳೆಯಲಿಲ್ಲ. ಕೋಲಿಗೆ ಸರಿಯಾಗಿ ಅವಳೇ ಬಗ್ಗುತ್ತ ಬಂದಳು.

ಅವಳಮ್ಮ ದಿನಾ ಬೆನ್ನಿಗೆ ನೋವಿನೆಣ್ಣೆ ತಿಕ್ಕುತ್ತ ಬೈಯುತ್ತಿದ್ದಳು. "ನೆಟ್ಟಗೆ ನಿಲ್ಲೇ, ಗೂನಿ ಅಂತಾರೆ." ಅದು ಎತ್ತರದ ಹುಡುಗಿಯರ ಹಣೆಬರಹ ಅಂತ ನೀಲವೇಣಿ ಸುಮ್ಮನಾಗುತ್ತಿದ್ದಳು.

"ಮೇಷ್ಟ್ರೇ, ನನ್ನ ಜೊತೆ ಕಲೀತಿದ್ದ ಪರಶಿವನ ಕೋಲನ್ನ ನೀವು ಬದಲಿಸಿದ್ರಿ" ಅಂದಳು. ದನಿ ಸಣ್ಣಗಾಗಿತ್ತು. "ಅವನಿಗೆ ಮೀಸೆ ಬಂದ ವರ್ಷವೇ ಕರೆದು, ಇದು ಸಾಕು, ಬೇರೇದು ತಗೋ ಅಂದ್ರಿ. ಎಲ್ಲರಿಗೂ ಬದಲಿಸಿದ್ರಿ. ನನ್ನದೊಂದನ್ನ ಬಿಟ್ಟು."

"ಹೂಂ."

"ನಾನು ಅದಕ್ಕೆ ಹೆಮ್ಮೆ ಪಡ್ತಿದ್ದೆ. ಎಲ್ಲರ ಕೋಲನ್ನೂ ವಾಪಸ್ ತಗೊಂಡ್ರು, ನನ್ನದೊಂದನ್ನೇ ತಗೊಳ್ಳಲಿಲ್ಲ ಅಂತ."

ಮೇಷ್ಟ್ರು ಬೆಂಚಿನ ಮೇಲೆ ಕೂತರು. ಮುದುಕರ ಹಾಗೆ, ಒಂದು ಕೈ ಊರಿಕೊಂಡು ಕೂತರು.

"ನಿಮಗೆ ಗೊತ್ತಾಗ್ಲಿಲ್ವಾ ಮೇಷ್ಟ್ರೇ?"

ಗೊತ್ತಾಗಲಿಲ್ಲ ಅಂದರೆ ಸಾಕಾಗಿತ್ತು. ವಯಸ್ಸಾಯ್ತು, ಕಣ್ಣು ಮಂಜಾಯ್ತು ಅಂದರೂ ಅವಳು ಕಾಲಿಗೆ ಬಿದ್ದು ಹೋಗುತ್ತಿದ್ದಳು.

"ಗೊತ್ತಾಯ್ತು" ಅಂದರು ಮೇಷ್ಟ್ರು.

"ಯಾವಾಗ?"

"ನೀನು ನನ್ನ ಭುಜ ದಾಟಿದ ವರ್ಷ."

"ನಾನಾಗ ಇನ್ನೂ ಸ್ಕೂಲಲ್ಲಿದ್ದೆ."

"ಹೂಂ."

ನೀಲವೇಣಿಗೆ ಕೋಪ ಬಂತು. ಗುರುವಿನ ಮೇಲೆ ಬಂದ ಮೊದಲ ಕೋಪ. ಅದನ್ನು ಹೇಗೆ ಆಡುವುದು ಅಂತ ಅವಳಿಗೆ ಗೊತ್ತಿರಲಿಲ್ಲ. ಏಕವಚನಕ್ಕೆ ಇಳಿಯಲು ನಾಲಿಗೆ ಬರಲಿಲ್ಲ. ಕಣ್ಣೀರು ಮಾತ್ರ ಧಾರಾಳವಾಗಿ ಬಂತು.

"ಎಷ್ಟು ಪಂದ್ಯ ಮೇಷ್ಟ್ರೇ! ಎಲ್ಲ ಮಧ್ಯಾಹ್ನದ ಮೇಲೇ ಸೋತಿದ್ದು. ನನ್ನ ಕೈಯಲ್ಲೇ ದೋಷ ಅಂತ ಎಷ್ಟು ಸಲ ಈ ಕೈನ ಗೋಡೆಗೆ ಚಚ್ಕೊಂಡಿದೀನಿ ಗೊತ್ತಾ? ಆ ಕೋಚ್ ಹೇಳಿದಾಗ ನಾನು ಅವರಿಗೇ ಬೈದು ಬಂದೆ. ನೀವು ದೋಸೆ ಕೊಡಿಸಿದ್ರಿ!"

ಎರಡೂ ಅಂಗೈಯನ್ನು ಮೇಷ್ಟ್ರ ಮುಂದೆ ಚಾಚಿದಳು.

"ಕೈ ನಂದು ಸರಿಯಾಗಿತ್ತಾ?"

"ನಿನ್ನಂಥ ಕೈ ನಾನು ಇನ್ನೊಂದು ನೋಡಲಿಲ್ಲ."

ಎಷ್ಟು ವರ್ಷದಿಂದ ಕಾದಿದ್ದಳೋ ಆ ಮಾತಿಗೆ. ನಿನ್ನೆ ಸಿಕ್ಕಿದ್ದರೆ ಕುಣಿದಾಡುತ್ತಿದ್ದಳು. ಅವತ್ತು ಕೇಳಿ ಇನ್ನಷ್ಟು ಅತ್ತಳು.

ಅಳು ನಿಂತ ಮೇಲೆ ಮುಖ ಒರೆಸಿಕೊಂಡು ಕಪ್ಪು ತಲೆಯ ಪಟರ್ ಎತ್ತಿಕೊಂಡಳು. ಹಳೆಯದನ್ನು ಗೋಡೆಯ ಹತ್ತಿರವೇ ಬಿಟ್ಟಳು. ಗೇಟಿನವರೆಗೆ ಹೋದಳು. ಅಲ್ಲಿಂದ ತಿರುಗಿ ಬಂದಳು. ಕೇಳದೆ ಹೋದರೆ ಜೀವನವಿಡೀ ಕೊರೆಯುತ್ತೆ ಅಂತ ಅವಳಿಗೆ ಗೊತ್ತಿತ್ತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಮೇಷ್ಟ್ರೇ?"

ಮೇಷ್ಟ್ರು ಗೋಡೆಗೊರಗಿದ್ದ ಹಳೇ ಕೋಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದರ ಹಿತ್ತಾಳೆ ತಲೆಯನ್ನು ಹೆಬ್ಬೆರಳಿನಿಂದ ಒರೆಸಿದರು.

"ನೀನು ಆಡಿದ ಕಡೆಯಲ್ಲೆಲ್ಲ ಜನ ಕೇಳೋರು ಕಣವ್ವ, ಆ ಹುಡುಗಿ ಕೈಯಲ್ಲಿರೋದು ಯಾರ ಕೋಲು ಅಂತ."