ಕಪ್ಪು ದಾರದ ಕಟ್ಟುಗಳು

ಹೊಳೆದಂಡೆಯ ಆಶ್ರಮದಲ್ಲಿ ಮೂರು ಸಾವಿರ ತಾಳೆಗರಿ ಗ್ರಂಥಗಳಿದ್ದವು. ಆ ಭಂಡಾರವನ್ನು ನೋಡಿಕೊಳ್ಳುತ್ತಿದ್ದವನು ಸೋವಣ್ಣ ಎಂಬ ಶಿಷ್ಯ. ಒಳ್ಳೆಯವನೇ. ಆದರೆ ಒಂದು ಗರಿಗೆ ಎಣ್ಣೆ ಸವರಬೇಕಾದರೂ ಅವನನ್ನೇ ಕೇಳಬೇಕು!

ಒಂದು ದಿನ ಅವನು ಗುರುಗಳ ಮುಂದೆ ಬಂದು ಕೂತ.

"ಗುರುಗಳೇ, ನನ್ನ ಕಣ್ಣು ಮಂಜಾಗುತ್ತಿದೆ. ನನ್ನ ನಂತರ ಭಂಡಾರ ಯಾರ ಕೈಗೆ? ನಮ್ಮಲ್ಲಿರುವ ಎಂಟು ಜನ ಹೇಳಿದ್ದು ಮಾಡುತ್ತಾರೆ, ಅಷ್ಟೇ. ಹೊರಗಿನಿಂದ ಯಾರಾದರೂ ಪಂಡಿತರನ್ನು ಕರೆಸಿ."

"ನೋಡೋಣ" ಅಂದರು ಗುರುಗಳು.

ಮೂರನೆಯ ದಿನ ಬೆಳಿಗ್ಗೆ ಹೊಳೆ ಉಕ್ಕಿ ಭಂಡಾರದ ಮೆಟ್ಟಿಲಿಗೆ ಬಂತು. ಎಂಟೂ ಜನ ಓಡಿ ಬಂದು ಸೋವಣ್ಣನ ಮುಖ ನೋಡುತ್ತಾ ನಿಂತರು. ಎಲ್ಲವನ್ನೂ ಗುಡ್ಡಕ್ಕೆ ಸಾಗಿಸುವಷ್ಟು ಹೊತ್ತಿರಲಿಲ್ಲ. ಎತ್ತಿದ್ದು ಉಳಿಯುತ್ತದೆ, ಬಿಟ್ಟದ್ದು ಹೊಳೆ ಪಾಲು.

ಸೋವಣ್ಣ ಬಾಯಿ ತೆರೆದ. ಗುರುಗಳು ತಂಬಿಗೆ ಎತ್ತಿ ಆ ಬಾಯಿಗೆ ನೀರು ಸುರಿದರು.

"ನುಂಗಬೇಡ, ಉಗುಳಲೂ ಬೇಡ. ನಾನು ಹೇಳುವ ತನಕ."

ಅಯ್ಯೋ, ಅವನ ಪಾಡೇ! ಕೆನ್ನೆ ಉಬ್ಬಿಸಿಕೊಂಡು, ರೇಷ್ಮೆ ವಸ್ತ್ರ ಸುತ್ತಿದ ಮಹಾಪುರಾಣದ ಕಡೆಗೆ ಕೈ ಚಾಚಿದ.

"ಅದು ಬೇಡ ಸ್ವಾಮಿ!"

ಕೂಗಿದವಳು ಆ ಎಂಟು ಜನರಲ್ಲಿ ಒಬ್ಬಳಾದ ಹೊನ್ನವ್ವ, ಗರಿಗಳಿಗೆ ಎಣ್ಣೆ ಸವರಿ ದಾರ ಕಟ್ಟುವವಳು. ಹದಿನೆಂಟು ವರ್ಷದಲ್ಲಿ ಅವಳು ಅವನೆದುರು ಇಷ್ಟು ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ.

"ಅದರ ಪ್ರತಿ ಹತ್ತು ಊರಲ್ಲಿದೆ. ಪ್ರತಿ ಮಾಡಿ ಹೊರಗೆ ಕಳಿಸಿದ್ದಕ್ಕೆಲ್ಲ ನಾನು ಕೆಂಪು ದಾರ ಕಟ್ಟೀನಿ. ಕಪ್ಪು ದಾರದ್ದು ಎತ್ತಿರಪ್ಪಾ, ಅವು ಲೋಕಕ್ಕೇ ಒಂದೊಂದು! ಮಾಕಣ್ಣ, ನೀನು ಗುಡ್ಡದ ಮೇಲೆ ನಿಂತು ಇಳಿಸಿಕೋ. ನಿನ್ನೆ ಎಣ್ಣೆ ಸವರಿದ್ದು ಇನ್ನೂ ಹಸಿ ಐತೆ, ಒಂದರ ಮೇಲೊಂದು ಪೇರಿಸಬೇಡ."

ಸೋವಣ್ಣ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದ. ಆ ದಾರಗಳನ್ನು ಅವನು ದಿನವೂ ನೋಡಿದ್ದ. ಎರಡು ಬಣ್ಣ ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

ಜನ ಸಾಲಾಗಿ ನಿಂತರು. ಗುಡ್ಡ ಹತ್ತುವ ಮೊದಲು ಮಾಕಣ್ಣ ಯಾರೂ ಹೇಳದೆಯೇ ಭಂಡಾರದ ಬಾಗಿಲು ಕಿತ್ತು, ಹಸಿ ಕಟ್ಟುಗಳನ್ನು ಹೊರಲು ಡೋಲಿ ಮಾಡಿದ. ಕಟ್ಟುಗಳು ಕೈಯಿಂದ ಕೈಗೆ ಗುಡ್ಡ ಹತ್ತಿದವು. ಸೋವಣ್ಣನೂ ಸಾಲಿನಲ್ಲೊಬ್ಬನಾಗಿ ಹೊತ್ತ.

ಮಧ್ಯಾಹ್ನ ನೀರು ಒಳಗೆ ನುಗ್ಗಿದಾಗ ಕಪ್ಪು ದಾರದ ಒಂದು ಕಟ್ಟೂ ಅಲ್ಲಿರಲಿಲ್ಲ. ಮಹಾಪುರಾಣ ರೇಷ್ಮೆ ಸಮೇತ ತೇಲಿಹೋಯಿತು.

ಗುಡ್ಡದ ಮೇಲೆ ಸೋವಣ್ಣ ಹೊನ್ನವ್ವನಿಗೆ ಕೈ ಮುಗಿದ. ಅವನ ಕಣ್ಣು ತುಂಬಿತ್ತು. ಗುರುಗಳು ತಲೆಯಾಡಿಸಿದರು. ಅವನು ನೀರು ನುಂಗಿದ.

"ಗುರುಗಳೇ, ಇಷ್ಟು ವರ್ಷ ಇವರೆಲ್ಲ ಎಲ್ಲಿದ್ದರು?"

"ಇಲ್ಲೇ ಇದ್ದರಪ್ಪಾ. ನೀನು ಮಾತಾಡುತ್ತಿದ್ದೆ."