ಸೌಟು ಕಂಡ ಕೆಂಪು ಚುಕ್ಕೆಗಳು

ಅಂಗನವಾಡಿಯ ಸೌಟಿಗೆ ತನ್ನ ನ್ಯಾಯದ ಬಗ್ಗೆ ಬಹಳ ಹೆಮ್ಮೆ. ಯಾರ ಮಗುವಾದರೂ ಸರಿ, ತಟ್ಟೆಗೆ ಒಂದೇ ಸೌಟು ಸಾರು. ಎದುರು ಗೋಡೆಯಲ್ಲಿ ಮಕ್ಕಳ ತೂಕದ ಪಟ ಊರಿಗೆಲ್ಲ ಕಾಣುವಂತೆ ತೂಗುತ್ತಿತ್ತು. ಅದರ ಹಸಿರು, ಹಳದಿ, ಕೆಂಪು ಚುಕ್ಕೆಗಳನ್ನು ಸೌಟು ಹಬ್ಬದ ಅಲಂಕಾರವೆಂದೇ ತಿಳಿದಿತ್ತು.

ಒಂದು ದಿನ ಪಟ ಹೇಳಿತು: "ಸೌಟಣ್ಣ, ಪುಟ್ಟ ದ್ಯಾಮವ್ವನ ಚುಕ್ಕೆಯೂ ಕೆಂಪಾಯಿತು. ಇನ್ನೂ ತೂಕ ಇಳಿದರೆ ಮಗು ಉಳಿಯುವುದು ಕಷ್ಟ. ಕೆಂಪು ಚುಕ್ಕೆಯವರೆಲ್ಲ ಕೊನೆಯ ಸಾಲಿನವರೇ. ಅವರಿಗೇನು ಬಡಿಸುತ್ತೀಯಪ್ಪ?"

"ಎಲ್ಲರಿಗೂ ಬಡಿಸುವುದನ್ನೇ! ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇಕಾದರೆ ಪಾತ್ರೆಯನ್ನು ಕೇಳು."

ಪಾತ್ರೆ ಗೊಣಗಿತು: "ಇಟ್ಟಿಗೆ ಭಟ್ಟಿಯ ಮಕ್ಕಳು ದೂರದಿಂದ ನಡೆದು ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾರೆ. ನೀನು ಅಲ್ಲಿಗೆ ಬರುವಷ್ಟರಲ್ಲಿ ಸಾರು ಸಾಲದು. ದಿನವೂ ನನಗೊಂದು ಚೊಂಬು ಬಿಸಿನೀರು ಸುರಿಯುತ್ತಾರೆ."

ಸೌಟು ತಲೆ ತಗ್ಗಿಸಿತು. ಮೊಳೆಗೆ ನೇತಾಡುವ ಸೌಟಿನ ತಲೆ ಯಾವಾಗಲೂ ಕೆಳಗೇ ಇರುವುದರಿಂದ ಅದು ಯಾರಿಗೂ ತಿಳಿಯಲಿಲ್ಲ. "ದಿನವೂ ಅದರಲ್ಲೇ ಮುಳುಗಿ ಏಳುತ್ತೇನೆ, ನೀರೆಂದು ಗೊತ್ತಾಗಲಿಲ್ಲ. ನಾನಂತೆ, ನ್ಯಾಯವಂತ!"

ಮರುದಿನ ಸೌಟು ತಳದ ಬೇಳೆ ಎತ್ತಿಕೊಂಡು ಮೊದಲು ಕೊನೆಯ ಸಾಲಿಗೇ ಹೋಯಿತು.

"ಈಗ ಮುಂದಿನ ಸಾಲಿಗೆ ನೀರೋ?" ಎಂದು ಪಾತ್ರೆ ಛೇಡಿಸಿತು.

"ನೀರು ಬೇಡ, ನಾಳೆಯಿಂದ ಬೇಳೆ ಹೆಚ್ಚು ಹಾಕಿಸಿಕೊ. ನನ್ನ ನ್ಯಾಯವನ್ನು ಇನ್ನು ಪಟವೇ ಹೇಳಲಿ."

ಕೆಲವು ತಿಂಗಳಿಗೆ ದ್ಯಾಮವ್ವನ ಚುಕ್ಕೆ ಹಳದಿಯಾಯಿತು. "ಈಗ ಹೊಗಳಿಕೊ, ಸೌಟಣ್ಣ," ಎಂದಿತು ಪಟ.

"ತಾಳಪ್ಪ," ಎಂದಿತು ಸೌಟು. "ನನ್ನ ಹಬ್ಬದ ಅಲಂಕಾರದಲ್ಲಿ ಇನ್ನೂ ಕೆಂಪಿದೆ."